ಮೀನಿನ ಹೊಟ್ಟೆಯೊಳಗೊಂದು ಗಂಟೆ: ನೀರಿನಡಿ ಕೂಗುವ ಪುಟ್ಟ ಟ್ಯಾಗ್ ಮಾಡುವುದು ಹೇಗೆ

ಕೊಡಗಿನ ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಗೆ ಸೇರುತ್ತದೆ. ಮುಂಗಾರಿನ ಹೊಸ ನೀರಿಗೆ ಬಿಳಿಮೀನು, ಅಂದರೆ ಮಹಶೀರ್, ಮೇಲಕ್ಕೆ ಹತ್ತುತ್ತದೆ ಅಂತ ನದಿ ದಡದವರಿಗೆಲ್ಲ ಗೊತ್ತು. ಆದರೆ ಕೂಡಿಗೆಗೆ ಬಂದ ಮೀನು ಹಾರಂಗಿಗೆ ತಿರುಗುತ್ತದೋ, ಕಾವೇರಿಯಲ್ಲೇ ವಾಲ್ನೂರು, ದುಬಾರೆ ಕಡೆಗೆ ಹೋಗುತ್ತದೋ? ಇದನ್ನು ದಡದಲ್ಲಿ ಕೂತು ನೋಡಿ ಹೇಳಲು ಆಗುವುದಿಲ್ಲ.

ಹಿಂದೆ ದನವನ್ನು ಕಾಡಿಗೆ ಬಿಡುವಾಗ ಕೊರಳಿಗೆ ಮರದ ಗಂಟೆ ಕಟ್ಟುತ್ತಿದ್ದರು. ಸದ್ದು ಬಂದ ಕಡೆ ದನ ಇದೆ ಅಂತ ಲೆಕ್ಕ. ಮೀನಿಗೂ ಅಂಥದೇ ಒಂದು ಗಂಟೆ ಮಾಡುವುದು ಹೇಗೆ ಅನ್ನುವುದೇ ಈ ಲೇಖನ. ಒಂದು ಪಿಯೆಜೊ ಕೊಳವೆ (ಕರೆಂಟ್ ಕೊಟ್ಟರೆ ನಡುಗಿ ಸದ್ದು ಮಾಡುವ ಪಿಂಗಾಣಿ), ಒಂದು ಚಿಪ್, ಎರಡು ವಾಚ್ ಬ್ಯಾಟರಿ. ಕೇಳಲು ಸುಲಭ. ನನ್ನ ಮೊದಲ ನಾಲ್ಕು ಟ್ಯಾಗ್ ನೀರು ಕುಡಿದು ಸತ್ತವು, ಐದನೆಯದು ಬದುಕಿದ್ದೂ ಕೂಗಲಿಲ್ಲ. ನೀವು ಅಷ್ಟು ದುಡ್ಡು ಕಳೆಯಬೇಕಾಗಿಲ್ಲ.

ಮೊದಲು ಮೀನು, ಆಮೇಲೆ ಸರ್ಕ್ಯೂಟ್

ಎಲೆಕ್ಟ್ರಾನಿಕ್ಸ್ ಹುಚ್ಚು ಇರುವ ನಮ್ಮಂಥವರು ಮೊದಲು ಮಾಡುವ ತಪ್ಪು, ಚಿಪ್ ಆರಿಸುವುದರಿಂದ ಶುರು ಮಾಡುವುದು. ಮೀನಿನ ತೂಕದಿಂದ ಶುರು ಮಾಡಿ. ಟ್ಯಾಗಿನ ತೂಕ ಮೀನಿನ ತೂಕದ ಶೇ. 2 ದಾಟಬಾರದು ಅನ್ನುವುದು ಈ ಕೆಲಸದಲ್ಲಿ ಬಹುಕಾಲದಿಂದ ನಡೆದುಬಂದ ಅಂದಾಜು ಲೆಕ್ಕ. 125 ಗ್ರಾಂ ಮೀನಿಗೆ 2.5 ಗ್ರಾಂ. ಎರಡು ಕಿಲೋ ಮೀನಿಗಾದರೆ 40 ಗ್ರಾಂ. ಹಾಗಂತ 40 ಗ್ರಾಂ ತುರುಕಬೇಕಾಗಿಲ್ಲ, ಚಿಕ್ಕದಿದ್ದಷ್ಟೂ ಒಳ್ಳೆಯದು. ನಾವಿಲ್ಲಿ 2.5 ಗ್ರಾಂ ಗುರಿ ಇಟ್ಟುಕೊಳ್ಳೋಣ. ಉದ್ದ ಸುಮಾರು 25 ಮಿ.ಮೀ., ದಪ್ಪ 8.5 ಮಿ.ಮೀ. ಕಿರುಬೆರಳಿನ ತುದಿಯಷ್ಟು.

ಇದಕ್ಕಿಂತ ಎಷ್ಟು ಚಿಕ್ಕದು ಸಾಧ್ಯ ಅಂತ ಕುತೂಹಲ ಇದ್ದರೆ ಅಮೆರಿಕದ ಕೊಲಂಬಿಯಾ ನದಿಯ ಕಡೆ ನೋಡಿ. ಅಲ್ಲಿನ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದವರು ಸಾಲ್ಮನ್ ಮರಿಗಳಿಗೆ ಸೂಜಿಯಲ್ಲಿ ಚುಚ್ಚಿ ಒಳಗೆ ಹಾಕುವಂಥ ಟ್ಯಾಗ್ ಮಾಡಿದ್ದಾರೆ. 15 ಮಿ.ಮೀ. ಉದ್ದ, 3.3 ಮಿ.ಮೀ. ದಪ್ಪ, ತೂಕ ಗ್ರಾಮಿನ ಐದನೇ ಒಂದು ಭಾಗದಷ್ಟು. ಅದು ಕೂಗುವುದು 416.7 ಕಿಲೋಹರ್ಟ್ಸ್‌ನಲ್ಲಿ. ನಮ್ಮ ಮನೆ ಮೇಜಿನ ಮೇಲೆ ಅಷ್ಟು ಸಣ್ಣದು ಆಗುವ ಮಾತಲ್ಲ, ಆದರೆ ದಾರಿ ಅದೇ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕಾವೇರಿಯ ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್ ಕಾವೇರಿ ಕಣಿವೆ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಮೀನು ಅಂತ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಅದರ ಮೇಲೆ ನಾವು ಪ್ರಯೋಗ ಮಾಡುವಂತಿಲ್ಲ. ಕಲಿಯುವುದೆಲ್ಲ ಬಕೆಟ್ಟಿನಲ್ಲಿ, ತೋಟದ ಕೆರೆಯಲ್ಲಿ, ಕಲ್ಲಿಗೆ ಕಟ್ಟಿದ ಟ್ಯಾಗಿನಲ್ಲಿ. ನದಿಯ ಮೀನಿಗೆ ಹಾಕುವ ಕೆಲಸ ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆಗಳ ಒಪ್ಪಿಗೆ ಇರುವ ತಜ್ಞರದು. ಟ್ಯಾಗ್ ಮಾಡಿಕೊಡುವವರು ನಾವು, ಹೊಲಿಗೆ ಹಾಕುವವರು ಅವರು.

ಯಾವ ಸ್ವರದಲ್ಲಿ ಕೂಗಿಸಬೇಕು?

ಸಮುದ್ರದ ಮೀನಿಗೆ ಹೆಚ್ಚಾಗಿ 69 ಕಿಲೋಹರ್ಟ್ಸ್ ಬಳಸುತ್ತಾರೆ. ಕಾರಣ ಇದೆ. ಉಪ್ಪು ನೀರಿನಲ್ಲಿ ಕರಗಿದ ಕೆಲವು ಲವಣಗಳು ಸದ್ದನ್ನು ನುಂಗುತ್ತವೆ, ಸ್ವರ ಏರಿದಷ್ಟೂ ಜಾಸ್ತಿ ನುಂಗುತ್ತವೆ. ನಮ್ಮ ಕಾವೇರಿಯಲ್ಲಿ ಆ ಕಾಟ ಇಲ್ಲ. ಸಿಹಿ ನೀರಿನಲ್ಲಿ 69 ಕಿಲೋಹರ್ಟ್ಸ್ ಸದ್ದು ಕಿಲೋಮೀಟರಿಗೆ ಬರೀ ಒಂದು ಡೆಸಿಬೆಲ್ ಆಸುಪಾಸು ಕಳೆದುಕೊಳ್ಳುತ್ತದೆ. 186ಕ್ಕೆ ಹೋದರೆ ಆರೇಳು ಡೆಸಿಬೆಲ್. 416.7ರಲ್ಲಿ ಮೂವತ್ತರ ಮೇಲೆ.

ನಮ್ಮ ಮಡುಗಳು ಕಿಲೋಮೀಟರ್ ಉದ್ದ ಇರುವುದಿಲ್ಲ. ಇನ್ನೂರು ಮೀಟರಿಗೆ ಒಂದು ತಿರುವು, ಬಂಡೆ ಸಾಲು, ಹರಿವು. ಹಾಗಾಗಿ ಏರು ಸ್ವರದಿಂದ ನಮಗೆ ನಷ್ಟ ಕಡಿಮೆ, ಲಾಭ ದೊಡ್ಡದು. ಸ್ವರ ಏರಿದಂತೆ ಪಿಯೆಜೊ ಕೊಳವೆ ಚಿಕ್ಕದಾಗುತ್ತದೆ. ನಾನು ಆರಿಸಿಕೊಂಡದ್ದು 186 ಕಿಲೋಹರ್ಟ್ಸ್. ಮೀನಿಗೆ ಇದು ಕೇಳುತ್ತದಾ ಅಂತ ನಮ್ಮ ಪಕ್ಕದ ತೋಟದ ಅಜ್ಜ ಕೇಳಿದರು. ಗೆಂಡೆ ಜಾತಿಯ ಮೀನುಗಳ ಕಿವಿ ಚುರುಕು, ಮಹಶೀರ್ ಕೂಡ ಆ ಬಳಗದ್ದೇ. ಆದರೂ ಅವಕ್ಕೆ ಕೇಳುವುದು ಕೆಲವು ಕಿಲೋಹರ್ಟ್ಸ್ ತನಕ ಅಷ್ಟೇ. "ಹಾಗಾದ್ರೆ ಗಂಟೆ ಕಟ್ಟಿದ್ದೇ ಅದಕ್ಕೆ ಗೊತ್ತಾಗಲ್ಲ ಅನ್ನು ಮಾರಾಯ" ಅಂದರು. ಹೌದು, ಆದರೆ ಪಿಂಗ್, ಅಂದರೆ ಟ್ಯಾಗಿನ ಒಂದೊಂದು ಕೂಗು, ಶುರುವಾಗುವಾಗ, ನಿಲ್ಲುವಾಗ ಟಕ್ ಅನ್ನುವ ಸದ್ದು ಬರದಂತೆ ನೋಡಿಕೊಳ್ಳಬೇಕು. ಆ ಟಕ್ಕಿನಲ್ಲಿ ಮೀನಿಗೆ ಕೇಳುವ ಕೆಳಗಿನ ಸ್ವರಗಳೂ ಬೆರೆತಿರುತ್ತವೆ.

ಕೊಳವೆ ಆರಿಸುವುದು

ಬೇಕಾದ್ದು ಪಿಜೆಡ್‌ಟಿ ಪಿಂಗಾಣಿಯ ಸಣ್ಣ ಕೊಳವೆ. ಒಳಗೊಂದು, ಹೊರಗೊಂದು ಬೆಳ್ಳಿ ಲೇಪ. ವೋಲ್ಟೇಜ್ ಕೊಟ್ಟರೆ ಕೊಳವೆ ಉಬ್ಬುತ್ತದೆ, ತಿರುಗಿಸಿ ಕೊಟ್ಟರೆ ಕುಗ್ಗುತ್ತದೆ. ಬಳೆ ಉಸಿರಾಡಿದ ಹಾಗೆ. ಬಳೆಯ ಸುತ್ತಳತೆಗೆ ತಕ್ಕ ಒಂದು ಸ್ವಂತ ಸ್ವರ ಇರುತ್ತದೆ. ಆ ಸ್ವರದಲ್ಲಿ ತಳ್ಳಿದರೆ ಕಡಿಮೆ ಕರೆಂಟಿಗೆ ಜಾಸ್ತಿ ಸದ್ದು. ಉಯ್ಯಾಲೆಯನ್ನು ಅದರ ಲಯಕ್ಕೆ ತಳ್ಳಿದರೆ ಬೆರಳು ಸಾಕು, ಅಲ್ವಾ? ಅದೇ ಲೆಕ್ಕ.

ಲೆಕ್ಕ ಹೀಗಿದೆ. ಕೊಳವೆಯ ಹೊರ ವ್ಯಾಸ, ಒಳ ವ್ಯಾಸ ಕೂಡಿಸಿ ಅರ್ಧ ಮಾಡಿ. ಅದು ಸರಾಸರಿ ವ್ಯಾಸ. ಪಿಜೆಡ್‌ಟಿಯಲ್ಲಿ 4, 5ಎ, 5ಎಚ್ ಅಂತ ಬಗೆಗಳಿವೆ. ಪಿಜೆಡ್‌ಟಿ-4 ಆದರೆ 1050 ಅನ್ನು ಆ ಮಿಲಿಮೀಟರಿನಿಂದ ಭಾಗಿಸಿ. ಪಿಜೆಡ್‌ಟಿ-5ಎ ಆದರೆ 900 ಅನ್ನು. ಬಂದದ್ದು ಕಿಲೋಹರ್ಟ್ಸ್. ಹೊರಗೆ 6.35, ಒಳಗೆ 4.83 ಮಿ.ಮೀ. ಇರುವ ಪಿಜೆಡ್‌ಟಿ-4 ಕೊಳವೆಯ ಸರಾಸರಿ 5.6. ಭಾಗಿಸಿದರೆ ಸುಮಾರು 187. ಇದು ಗಾಳಿಯಲ್ಲಿನ ಲೆಕ್ಕ. ನೀರಿಗಿಳಿದ ಮೇಲೆ ಸ್ವಲ್ಪ ಕೆಳಗಿಳಿಯುತ್ತದೆ, ಎಪಾಕ್ಸಿ ಹೊದಿಕೆ ಬಿದ್ದರೆ ಮತ್ತೂ ಆಚೀಚೆ ಆಗುತ್ತದೆ. ಹಾಗಾಗಿ ಕಾಗದದ ಲೆಕ್ಕಕ್ಕೆ ಜಗಳ ಆಡಬೇಡಿ, ಆಮೇಲೆ ಅಳೆಯುತ್ತೇವೆ.

4 ಬೇಕೋ 5ಎ ಬೇಕೋ? ಕೂಗುವುದಕ್ಕೆ 4 ಒಳ್ಳೆಯದು, ಅದರಲ್ಲಿ ಶಾಖವಾಗಿ ಹೋಗುವ ನಷ್ಟ ಕಡಿಮೆ. ಕೇಳುವುದಕ್ಕೆ 5ಎ ಚುರುಕು. ನಮ್ಮಷ್ಟು ಸಣ್ಣ ಶಕ್ತಿಗೆ ಎರಡೂ ನಡೆಯುತ್ತವೆ. ಸಿಕ್ಕಿದ್ದು ತೊಗೊಳ್ಳಿ. 5ಎಚ್ ಮಾತ್ರ ಬೇಡ. ಅದು ಸುಮಾರು 190 ಡಿಗ್ರಿಗೇ ತನ್ನ ಗುಣ ಪೂರ್ತಿ ಕಳೆದುಕೊಳ್ಳುತ್ತದೆ, ಬೆಸುಗೆ ಹಾಕುವಾಗ ನಮ್ಮ ಕೈಯಲ್ಲೇ ಸಾಯುತ್ತದೆ. ಪಿಜೆಡ್‌ಟಿ-4 ಅದೇ 300 ಡಿಗ್ರಿ ದಾಟುವ ತನಕ ತಡೆಯುತ್ತದೆ. ಹಾಗಂತ ಅದನ್ನೂ ಕಾಯಿಸುತ್ತಾ ಕೂರಬೇಡಿ. ಶೇ. 2ರಷ್ಟು ಬೆಳ್ಳಿ ಇರುವ ಸೋಲ್ಡರ್, ಸ್ವಲ್ಪ ಫ್ಲಕ್ಸ್, ಎರಡೇ ಸೆಕೆಂಡ್. ಹಿಡಿಯಲಿಲ್ಲವಾ, ಬಿಡಿ, ತಣ್ಣಗಾದ ಮೇಲೆ ಮತ್ತೆ. ಬೆಳ್ಳಿ ಇಲ್ಲದ ಸೋಲ್ಡರ್ ಹಾಕಿದರೆ ಕೊಳವೆಯ ಬೆಳ್ಳಿ ಲೇಪವೇ ಅದರೊಳಗೆ ಕರಗಿಹೋಗುತ್ತದೆ.

ಪಿಜೆಡ್‌ಟಿಯಲ್ಲಿ ಸೀಸ ಇದೆ. ಉಜ್ಜಿದ ಪುಡಿ ಮೂಗಿಗೆ ಹೋಗಬಾರದು. ಕೆಲಸ ಮುಗಿಸಿ ಕೈ ತೊಳೆದು ಆಮೇಲೆ ಕಾಫಿ.

ಕೊಳವೆಯೊಳಗೆ ಗಾಳಿ ಇರಲಿ

ಐದನೇ ಟ್ಯಾಗ್ ಕೂಗಲಿಲ್ಲ ಅಂದೆನಲ್ಲ, ಅದರ ಕಥೆ ಇಲ್ಲಿದೆ. ನೀರು ನುಗ್ಗಬಾರದು ಅಂತ ನಾನು ಕೊಳವೆಯ ಒಳಗೂ ಎಪಾಕ್ಸಿ ತುಂಬಿದ್ದೆ. ಗಟ್ಟಿಯಾಗಿತ್ತು, ಕಲ್ಲಿನ ಹಾಗೆ. ತೊಂದರೆ ಅದೇ. ಉಬ್ಬಿ ಕುಗ್ಗಬೇಕಾದ ಬಳೆಯ ಹೊಟ್ಟೆಗೆ ಕಲ್ಲು ತುಂಬಿದರೆ ಅದು ಹೇಗೆ ಉಸಿರಾಡಬೇಕು? ಸ್ವರ ಎಲ್ಲಿಗೋ ಸರಿಯಿತು, ಸದ್ದು ಕುಗ್ಗಿತು. ಮೂರು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ.

ಒಳಗೆ ಗಾಳಿಯೇ ಇರಬೇಕು. ಎರಡು ದಾರಿ ಇವೆ. ಕೊಳವೆಯ ಎರಡೂ ಬಾಯಿಗೆ ತೆಳು ಫೈಬರ್ ಬೋರ್ಡಿನ ಬಿಲ್ಲೆ ಅಂಟಿಸಿ ಮುಚ್ಚಬಹುದು. ಇಲ್ಲವಾದರೆ ಒಳಗೆ ಫೋಮ್ ಸುರುಳಿ ತುರುಕಬಹುದು. ಹೊಸ ಟಿ.ವಿ. ಪ್ಯಾಕಿಂಗಿನಲ್ಲಿ ಬರುವ ಬಿಳಿ ಫೋಮ್ ಹಾಳೆ ಇದೆಯಲ್ಲ, ಅದರ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುತ್ತವೆ, ನೀರು ಹೀರುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜ್ ಬೇಡ, ಅದು ಎಪಾಕ್ಸಿಯನ್ನೇ ಕುಡಿಯುತ್ತದೆ. ನಾನು ಎರಡನ್ನೂ ಒಟ್ಟಿಗೆ ಮಾಡುತ್ತೇನೆ.

ಹೊರಗೆ ಮಾತ್ರ ಒಂದು ಗುಳ್ಳೆಯೂ ಇರಬಾರದು. ನೀರಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಪದರ ಸಿಕ್ಕಿದರೆ ಸಾಕು, ಸದ್ದು ಅಲ್ಲಿಂದಲೇ ವಾಪಸ್. ಒಳಗೆ ಗಾಳಿ, ಹೊರಗೆ ಗಾಳಿಯಿಲ್ಲ. ಇಷ್ಟು ಸಾಧಿಸಿದರೆ ಅರ್ಧ ಟ್ಯಾಗ್ ಮುಗಿದ ಹಾಗೆ.

ಚಿಪ್, ಕಾಯಿಲ್, ಬ್ಯಾಟರಿ

ಚಿಪ್ಪಿಗೆ ನಾನು ಪಿಕ್ 12ಎಲ್‌ಎಫ್1822 ಬಳಸಿದೆ. ಎಂಟು ಕಾಲು, ನಿದ್ದೆಯಲ್ಲಿ ಮೈಕ್ರೋಆಂಪಿಯರಿಗಿಂತಲೂ ಕಡಿಮೆ ಕರೆಂಟ್. ಇದರಲ್ಲಿ ಎರಡು ಕಾಲುಗಳು ಒಂದಕ್ಕೊಂದು ಉಲ್ಟಾ ಕುಣಿಯುವ ಪಿಡಬ್ಲ್ಯೂಎಂ (ವೋಲ್ಟೇಜನ್ನು ಬೇಗ ಬೇಗ ಹಾಕಿ ತೆಗೆಯುವ) ವ್ಯವಸ್ಥೆ ಇದೆ. ಪಿಯೆಜೊವನ್ನು ಆ ಎರಡು ಕಾಲುಗಳ ನಡುವೆ ಕಟ್ಟಿದರೆ 3 ವೋಲ್ಟ್ ಬ್ಯಾಟರಿಯಿಂದಲೇ ಮೇಲೆ ಕೆಳಗೆ ಸೇರಿ 6 ವೋಲ್ಟ್ ಕುಣಿತ ಸಿಗುತ್ತದೆ. ಬೇರೆ ಟ್ರಾನ್ಸಿಸ್ಟರ್ ಬೇಡ. 32 ಮೆಗಾಹರ್ಟ್ಸ್ ಗಡಿಯಾರದಲ್ಲಿ ಪಿಡಬ್ಲ್ಯೂಎಂನ ಒಂದೊಂದು ಎಣಿಕೆ 125 ನ್ಯಾನೋಸೆಕೆಂಡ್. 43 ಎಣಿಕೆಗೆ ಒಂದು ಸುತ್ತು ಅಂದರೆ 186 ಕಿಲೋಹರ್ಟ್ಸ್. 42 ಅಂದರೆ 190.5. ನಡುವಿನ ಸ್ವರ ಬೇಕಾದರೆ ಚಿಪ್ಪಿನ ಒಳಗಡಿಯಾರವನ್ನೇ ಸ್ವಲ್ಪ ತಿರುಚುವ ರಿಜಿಸ್ಟರ್ ಇದೆ, ಅದನ್ನು ಬಳಸಿ.

ಇನ್ನು ಕಾಯಿಲ್. 6 ಮಿ.ಮೀ. ಉದ್ದದ ನಮ್ಮ ಕೊಳವೆ ಒಂದು ಕೆಪಾಸಿಟರ್ ಕೂಡ ಹೌದು, ಸುಮಾರು 1.6 ನ್ಯಾನೋಫ್ಯಾರಡ್. ಅದರ ಜೊತೆ ಸಾಲಿನಲ್ಲಿ 470 ಮೈಕ್ರೋಹೆನ್ರಿ ಕಾಯಿಲ್ ಹಾಕಿದರೆ 186ರ ಹತ್ತಿರ ಎರಡೂ ತಾಳ ಸೇರಿಸಿ, ಕೊಳವೆಯ ಮೇಲಿನ ವೋಲ್ಟೇಜ್ ಮೂರು ಪಟ್ಟು ಏರುವುದೂ ಉಂಟು. ವೋಲ್ಟೇಜ್ ಎರಡು ಪಟ್ಟಾದರೆ ಸದ್ದಿನ ಶಕ್ತಿ ನಾಲ್ಕು ಪಟ್ಟು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಕಾಯಿಲ್ ಇಷ್ಟೆಲ್ಲ ಮಾಡುತ್ತದೆ. 390, 470, 560 ಮೂರೂ ತರಿಸಿಟ್ಟುಕೊಳ್ಳಿ, ನೀರಿನಲ್ಲಿ ಇಟ್ಟು ನೋಡಿ ಯಾವುದು ಜೋರೋ ಅದನ್ನು ಉಳಿಸಿಕೊಳ್ಳಿ. ಜೊತೆಗೆ ಬ್ಯಾಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲಿ. ಪಿಂಗಿನ ಏಟನ್ನು ಬ್ಯಾಟರಿ ಒಂದೇ ತಡೆಯಬಾರದು.

ಬ್ಯಾಟರಿ ಎಸ್‌ಆರ್626, ವಾಚಿನದು. 6.8 ಮಿ.ಮೀ. ಅಗಲ, 2.6 ಮಿ.ಮೀ. ದಪ್ಪ, 1.55 ವೋಲ್ಟ್, ಸುಮಾರು 25 ಮಿಲಿಆಂಪಿಯರ್-ಗಂಟೆ. ಎರಡನ್ನು ಒಂದರ ಮೇಲೊಂದು ಇಟ್ಟರೆ 3.1 ವೋಲ್ಟ್. ಅಗಲ ನಮ್ಮ ಕೊಳವೆಗೆ ಅಳತೆ ಮಾಡಿಸಿದ ಹಾಗಿದೆ. ಲೀಥಿಯಂ ಬಿಲ್ಲೆಗಿಂತ ಇದನ್ನು ನಾನು ಇಷ್ಟಪಡುವುದು ವೋಲ್ಟೇಜ್ ಕೊನೆಯವರೆಗೂ ಇಳಿಯದೆ ನಿಲ್ಲುತ್ತದೆ ಅನ್ನುವ ಕಾರಣಕ್ಕೆ. ಎಚ್ಚರ: ವಾಚ್ ಅಂಗಡಿಯಲ್ಲಿ ಕೇಳಿದರೆ ನೋಡಲು ಹಾಗೇ ಇರುವ ಎಜಿ4 ಕೊಟ್ಟುಬಿಡುತ್ತಾರೆ. ಅದು ಆಲ್ಕಲೈನ್. ದಿನದಿಂದ ದಿನಕ್ಕೆ ವೋಲ್ಟೇಜ್ ಜಾರುತ್ತದೆ, ಒಳಗಿರುವ ಸತ್ವವೂ ಕಡಿಮೆ. ಬೆನ್ನ ಮೇಲೆ ಎಸ್‌ಆರ್ ಅಂತ ಇದೆಯಾ ನೋಡಿ ತೊಗೊಳ್ಳಿ. ಬ್ಯಾಟರಿಗೆ ನೇರ ಸೋಲ್ಡರ್ ಹಾಕಬೇಡಿ, ಉಬ್ಬುತ್ತದೆ. ತೆಳು ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿಸಿ. ಬ್ಯಾಟರಿ ಪ್ಯಾಕ್ ಕಟ್ಟುವವರ ಹತ್ತಿರ ಆ ಯಂತ್ರ ಇರುತ್ತದೆ.

ನದಿಯ ಪಂಚಾಂಗ ನೋಡಿ ಪ್ರೋಗ್ರಾಂ ಬರೆಯಿರಿ

ಪಿಂಗ್ ಒಂದಕ್ಕೆ 5 ಮಿಲಿಸೆಕೆಂಡ್, ಆ ಹೊತ್ತಿನಲ್ಲಿ ಸುಮಾರು 10 ಮಿಲಿಆಂಪಿಯರ್. ಹತ್ತು ಸೆಕೆಂಡಿಗೊಮ್ಮೆ ಎರಡು ಪಿಂಗ್ ಜೋಡಿ. ಸರಾಸರಿ ತೆಗೆದರೆ 10 ಮೈಕ್ರೋಆಂಪಿಯರ್, ನಿದ್ದೆಗೊಂದು ಸೇರಿಸಿ 11. ದಿನಕ್ಕೆ 0.26 ಮಿಲಿಆಂಪಿಯರ್-ಗಂಟೆ. ಬ್ಯಾಟರಿಯ 25ರಲ್ಲಿ ನಂಬಬಹುದಾದ್ದು 19 ಅಂತ ಇಟ್ಟುಕೊಂಡರೆ ಎಪ್ಪತ್ತು ದಿನ ಚಿಲ್ಲರೆ.

ಎಪ್ಪತ್ತು ದಿನ ಸಾಕಾ? ಮೇ ಮಧ್ಯದಲ್ಲಿ ಬಿಟ್ಟರೆ ಜುಲೈ ಕೊನೆಗೆ ಸತ್ತಿರುತ್ತದೆ. ಆಗ ಕಾವೇರಿ ಕೆಂಪಾಗಿ ದಡ ಮೀರಿ ಹರಿಯುತ್ತಿರುತ್ತದೆ. ಹರಿವಿನ ಗಾಳಿಗುಳ್ಳೆ ಸದ್ದನ್ನು ನುಂಗುತ್ತದೆ, ತಳದ ಮರಳು ಜಲ್ಲಿ ಉರುಳುವ ಗಲಾಟೆ ಬೇರೆ. ಟ್ಯಾಗಿನ ಕೂಗು ಕೇಳುವ ಯಂತ್ರ, ಅಂದರೆ ರಿಸೀವರ್, ಇಡಲೂ ಆಗುವುದಿಲ್ಲ, ಇಟ್ಟರೂ ಕೇಳುವುದಿಲ್ಲ. ಅಂದರೆ ಕಿವಿ ಇಲ್ಲದ ಹೊತ್ತಿನಲ್ಲಿ ಕೂಗಿ ಕೂಗಿ ಟ್ಯಾಗ್ ಸತ್ತ ಹಾಗಾಯಿತು. ಇದು ನನಗೆ ಹೊಳೆದದ್ದು ತಡವಾಗಿ.

ಹಾಗಾಗಿ ಹೀಗೆ ಮಾಡಿ. ಮೇ 15ರಿಂದ ಜೂನ್ 15ರ ತನಕ ಒಂದು ತಿಂಗಳು ಕೂಗಲಿ. ಹೊಸ ನೀರಿಗೆ ಮೀನು ಹೊರಡುವ ಹೊತ್ತು ಇದರಲ್ಲಿ ಬರುತ್ತದೆ. ಖರ್ಚು ಸುಮಾರು 8 ಮಿಲಿಆಂಪಿಯರ್-ಗಂಟೆ. ಆಮೇಲೆ ನೂರು ದಿನ ಪೂರ್ತಿ ನಿದ್ದೆ. ಖರ್ಚು ಎರಡೂವರೆ ಅಷ್ಟೇ. ಸೆಪ್ಟೆಂಬರ್ ಕೊನೆಗೆ ನೀರು ಇಳಿಯುತ್ತಾ ಬಂದಾಗ ಮತ್ತೆ ಎದ್ದು ಉಳಿದ ಎಂಟೂವರೆಯಲ್ಲಿ ತಿಂಗಳು ಕೂಗಲಿ. ಹೊರಟದ್ದೂ ಗೊತ್ತಾಯಿತು, ಹೋಗಿ ನಿಂತದ್ದೂ ಗೊತ್ತಾಯಿತು. ಅದೇ ಬ್ಯಾಟರಿ, ಅದೇ ತೂಕ. ಬದಲಾದದ್ದು ಪ್ರೋಗ್ರಾಮಿನ ಎಂಟು ಹತ್ತು ಸಾಲು.

ದಿನ ಎಣಿಸಲು ಚಿಪ್ಪಿನ ಒಳಗಡಿಯಾರ ನಂಬಬೇಡಿ, ಚಳಿ ಬಿಸಿಲಿಗೆ ಓಡಾಡುತ್ತದೆ. ವಾಚಿನ 32.768 ಕಿಲೋಹರ್ಟ್ಸ್ ಹರಳನ್ನು ಟೈಮರಿಗೆ ಕಟ್ಟಿ.

ಯಾವ ಮೀನು ಅಂತ ಗುರುತು ಹಿಡಿಯುವುದು ಎರಡು ಪಿಂಗ್ ನಡುವಿನ ಬಿಡುವಿನಿಂದ. ಒಂದನೇ ಟ್ಯಾಗಿಗೆ 200 ಮಿಲಿಸೆಕೆಂಡ್, ಎರಡಕ್ಕೆ 210, ಮೂರಕ್ಕೆ 220. ಬಂಡೆಗೆ ಬಡಿದು ಬರುವ ಮಾರುದನಿ ಹೆಚ್ಚಾಗಿ ಅಷ್ಟರೊಳಗೆ ಅಡಗಿರುತ್ತದೆ. ಜೋಡಿ ಜೋಡಿಯ ನಡುವಿನ ಹತ್ತು ಸೆಕೆಂಡನ್ನು ಮಾತ್ರ ಸರಿಯಾಗಿ ಹತ್ತೇ ಇಡಬೇಡಿ. ಒಂದೆರಡು ಸೆಕೆಂಡ್ ಆಚೀಚೆ ಸುಮ್ನೆ ಅಲೆದಾಡಲಿ. ಇಲ್ಲದಿದ್ದರೆ ಎರಡು ಮೀನು ಒಂದೇ ಹೊತ್ತಿಗೆ ಕೂಗುತ್ತಾ ಗಂಟೆಗಟ್ಟಲೆ ಒಂದರ ಬಾಯಿ ಒಂದು ಮುಚ್ಚುತ್ತವೆ. ಆ ಟಕ್ ಸದ್ದು ತಪ್ಪಿಸಲು ಪಿಂಗಿನ ಮೊದಲ ಮತ್ತು ಕೊನೆಯ ಅರ್ಧ ಮಿಲಿಸೆಕೆಂಡಿನಲ್ಲಿ ಪಿಡಬ್ಲ್ಯೂಎಂ ಅಗಲವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಇಳಿಸಿ.

ಎಪಾಕ್ಸಿಯೊಳಗೆ ಸೇರಿದ ಮೇಲೆ ಸ್ವಿಚ್ ಎಲ್ಲಿ? ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸಣ್ಣ ರೀಡ್ ಸ್ವಿಚ್ ಒಳಗಿರಲಿ. ಹೊರಗೆ ಅಯಸ್ಕಾಂತ ಟೇಪ್ ಹಾಕಿ ಅಂಟಿಸಿದ್ದರೆ ನಿದ್ದೆ, ತೆಗೆದರೆ ಶುರು. ಚಿಪ್ ಎರಡು ಸೆಕೆಂಡಿಗೊಮ್ಮೆ ಎದ್ದು ಆ ಕಾಲನ್ನು ಒಂದು ಕ್ಷಣ ನೋಡಿ ಮಲಗಿದರೆ ಸಾಕು. ಯಾವಾಗಲೂ ಪುಲ್‌ಅಪ್ (ಆ ಕಾಲನ್ನು ಬ್ಯಾಟರಿಯ ಪ್ಲಸ್ಸಿಗೆ ಎಳೆದಿಡುವ ರೆಸಿಸ್ಟರ್) ಹಾಕಿ ಬಿಟ್ಟರೆ ಅಯಸ್ಕಾಂತ ಇದ್ದಷ್ಟು ದಿನ ಕರೆಂಟ್ ಸೋರುತ್ತಲೇ ಇರುತ್ತದೆ. ನನ್ನ ಮೂರು ಟ್ಯಾಗ್ ಡಬ್ಬದಲ್ಲೇ ಖಾಲಿಯಾದವು.

ಎಪಾಕ್ಸಿ ಹೊಯ್ಯುವುದು

ಅವಸರ ಬೇಡ. ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ಬೇಡವೇ ಬೇಡ, ಅದು ನೀರು ಹೀರುತ್ತದೆ, ಗುಳ್ಳೆ ಹೊರಗೆ ಬರಲು ಹೊತ್ತೂ ಕೊಡುವುದಿಲ್ಲ. ನನ್ನ ನಾಲ್ಕು ಟ್ಯಾಗ್ ನೀರು ಕುಡಿದದ್ದು ಹೀಗೆ. ಇಪ್ಪತ್ತನಾಲ್ಕು ಗಂಟೆ ತೆಗೆದುಕೊಳ್ಳುವ ತೆಳು ಎಪಾಕ್ಸಿ ತನ್ನಿ. ಕಲಸಿ, ಸಾಧ್ಯವಾದರೆ ನಿರ್ವಾತ ಡಬ್ಬದಲ್ಲಿಟ್ಟು ಗುಳ್ಳೆ ಎಳೆಯಿರಿ. ಅಚ್ಚಿಗೆ ಸಿಲಿಕೋನ್ ಕೊಳವೆ ನಡೆಯುತ್ತದೆ, ಗಟ್ಟಿಯಾದ ಮೇಲೆ ಸೀಳಿ ತೆಗೆಯಬಹುದು. ಮಳೆಗಾಲದಲ್ಲಿ ನಮ್ಮ ಕೊಡಗಿನ ಗಾಳಿಯಲ್ಲೇ ನೀರಿರುತ್ತದೆ. ಬೋರ್ಡನ್ನು ಚೆನ್ನಾಗಿ ತೊಳೆದು, ಫ್ಲಕ್ಸ್ ಒಂದು ಚೂರೂ ಉಳಿಯದಂತೆ ಮಾಡಿ, ಬಲ್ಬಿನ ಕೆಳಗೆ ಒಂದು ರಾತ್ರಿ ಒಣಗಿಸಿ ಆಮೇಲೆ ಹೊಯ್ಯಿರಿ. ನಾನಂತೂ ಈ ಕೆಲಸ ಫೆಬ್ರುವರಿಯಲ್ಲೇ ಮುಗಿಸುತ್ತೇನೆ.

ಕೊಳವೆಯ ಮೇಲೆ ಪದರ ತೆಳುವಾಗಿರಲಿ, ಅರ್ಧ ಮಿಲಿಮೀಟರ್ ಸಾಕು. ಎರಡೂ ತುದಿ ಗೋಲಿಯ ಹಾಗೆ ನುಣ್ಣಗಿರಲಿ. ಚೂಪಾದ ಅಂಚು ಮೀನಿನ ಹೊಟ್ಟೆಯೊಳಗೆ ಗಾಯ ಮಾಡುತ್ತದೆ.

ಈಗ ಒತ್ತಡದ ಪರೀಕ್ಷೆ. ಹತ್ತು ಮೀಟರ್ ಆಳಕ್ಕೆ ಒಂದು ಕಿಲೋದಷ್ಟು ಒತ್ತಡ ಏರುತ್ತದೆ. ಇದಕ್ಕೆ ಪ್ರಯೋಗಶಾಲೆ ಹುಡುಕಬೇಡಿ, ಕಾಫಿ ತೋಟದಲ್ಲೇ ಇದೆ. ಹೂವಿಗೆ ನೀರು ಹೊಡೆಯುವ ಸ್ಪ್ರಿಂಕ್ಲರ್ ಲೈನಿನಲ್ಲಿ ಮೂರು ಕಿಲೋ ಒತ್ತಡ ಮಾಮೂಲು. ಲೈನಿನ ಕೊನೆಯ ಮುಚ್ಚಳದ ಹಿಂದೆ ಟ್ಯಾಗನ್ನು ಬಲೆ ಚೀಲದಲ್ಲಿ ಕಟ್ಟಿಡಿ. ಪಂಪ್ ಓಡಿದಷ್ಟು ಹೊತ್ತು ಅದು ಮೂವತ್ತು ಮೀಟರ್ ಆಳದಲ್ಲಿದ್ದ ಹಾಗೆ. ಹೊರಗೆ ತೆಗೆದು ಒರೆಸಿ, ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ತೂಕ ಏರಿದ್ದರೆ ನೀರು ಒಳಗೆ ಹೋಗಿದೆ. ಚಿನ್ನ ತೂಗುವ ಪುಟ್ಟ ತಕ್ಕಡಿ ಆನ್‌ಲೈನಲ್ಲಿ ಸಿಗುತ್ತದೆ.

ಕೇಳುವ ಕಿವಿ

ರಿಸೀವರ್ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು, ಇಲ್ಲಿ ಕೆಲಸ ನಡೆಯುವಷ್ಟು ಹೇಳುತ್ತೇನೆ. ಅಂಥದೇ ಇನ್ನೊಂದು ಕೊಳವೆಯನ್ನು ಎಪಾಕ್ಸಿ ಮಾಡಿ ಕೇಬಲ್ ಕಟ್ಟಿದರೆ ಅದೇ ಹೈಡ್ರೋಫೋನ್, ಅಂದರೆ ನೀರಿನೊಳಗಿನ ಮೈಕು. ಹತ್ತಿರದಲ್ಲೇ ಕಡಿಮೆ ಗದ್ದಲದ ಆಂಪ್ಲಿಫೈಯರ್. ಆಮೇಲೆ ಎರಡು ಸ್ವರಗಳ ವ್ಯತ್ಯಾಸ ತೆಗೆದು ಕೊಡುವ ಎಸ್‌ಎ612 ಮಿಕ್ಸರ್ ಚಿಪ್. ಅದಕ್ಕೆ 184 ಕಿಲೋಹರ್ಟ್ಸ್ ಕೊಟ್ಟರೆ ಟ್ಯಾಗಿನ 186 ನಿಮ್ಮ ಹೆಡ್‌ಫೋನಿನಲ್ಲಿ 2 ಕಿಲೋಹರ್ಟ್ಸ್ ಕೀರಲು ಸದ್ದಾಗಿ ಬರುತ್ತದೆ. ಟಿಕ್-ಟಿಕ್, ಬಿಡುವು, ಟಿಕ್-ಟಿಕ್. ಮೊದಲ ಸಲ ಕೇಳಿದಾಗ ನಾನು ತೋಟದ ರೈಟರನ್ನು ಕರೆದು ಅವರ ಕಿವಿಗೂ ಹಾಕಿದೆ. ಮೀನು ಈಜಿ ಬರುವಾಗ ಸ್ವರ ತುಸು ಏರುತ್ತದೆ, ಹೋಗುವಾಗ ಇಳಿಯುತ್ತದೆ. ಸೆಕೆಂಡಿಗೆ ಎರಡು ಮೀಟರ್ ಓಟಕ್ಕೆ 250 ಹರ್ಟ್ಸ್ ವ್ಯತ್ಯಾಸ. ಹಾಗಾಗಿ ಫಿಲ್ಟರನ್ನು ತೀರಾ ಕಿರಿದು ಮಾಡಬೇಡಿ, ಒಂದು ಕಿಲೋಹರ್ಟ್ಸ್ ಅಗಲ ಇರಲಿ. ಚಿಪ್ಪಿನ ಗಡಿಯಾರದಲ್ಲೂ ಶೇ. 1ರಷ್ಟು ಆಚೀಚೆ ಇದ್ದೇ ಇರುತ್ತದೆ. ಪ್ರತಿ ಟ್ಯಾಗಿನ ಸ್ವರವನ್ನು ಮೊದಲೇ ಅಳೆದು, ತಿರುಚಿ ಸರಿಮಾಡಿ.

ಬಕೆಟ್ಟಿನಲ್ಲಿ ಅಳೆಯುವಾಗ ಒಂದು ಮೋಸ ಇದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಹತ್ತಿರ ಹತ್ತಿರ 1490 ಮೀಟರ್ ಓಡುತ್ತದೆ. 20 ಸೆಂ.ಮೀ. ದೂರದ ಬಕೆಟ್ ಗೋಡೆಗೆ ಬಡಿದು ಕಾಲು ಮಿಲಿಸೆಕೆಂಡಿನಲ್ಲಿ ವಾಪಸ್ ಬಂದು ಮೂಲ ಸದ್ದಿಗೆ ಬೆರೆಯುತ್ತದೆ. ಆಗ ಟ್ಯಾಗ್ ಒಂದಿಂಚು ಸರಿಸಿದರೂ ಓದು ಎರಡು ಪಟ್ಟು ಬದಲಾಗುತ್ತದೆ. ಅಳತೆಗೆ 0.1 ಮಿಲಿಸೆಕೆಂಡಿನ ಪುಟ್ಟ ಪಿಂಗ್ ಕಳಿಸಿ, ಆಸಿಲೋಸ್ಕೋಪಿನಲ್ಲಿ ಮೊದಲು ಬಂದ ಗುಂಪನ್ನು ಮಾತ್ರ ಓದಿ. ಟ್ಯಾಗನ್ನು ಮುಳುಗಿಸುವ ಮೊದಲು ಸೋಪು ನೀರಿನಲ್ಲಿ ಒರೆಸಿ. ಮೈಗೆ ಅಂಟಿದ ಸಣ್ಣ ಗಾಳಿಗುಳ್ಳೆಗಳು ಹೋಗುತ್ತವೆ.

ಎಷ್ಟು ದೂರ ಕೇಳಬಹುದು? ಒಂದು ಮೀಟರಿನಲ್ಲಿ 145 ಡೆಸಿಬೆಲ್ ಇದೆ ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಹರಡಿ 40 ಕಳೆಯುತ್ತದೆ, ನೀರು ನುಂಗುವುದು ಒಂದಕ್ಕಿಂತ ಕಡಿಮೆ. ಉಳಿದದ್ದು 104. ರಿಸೀವರಿನ ಗದ್ದಲ, ನದಿಯ ಗದ್ದಲ ಸೇರಿ 80 ಇದ್ದರೂ ಚೆನ್ನಾಗಿ ಕೇಳುತ್ತದೆ. ಕಾಗದದ ಮೇಲೆ ಮುನ್ನೂರು ಮೀಟರೂ ಬರುತ್ತದೆ. ನದಿಯಲ್ಲಿ ಬಂಡೆ ಅಡ್ಡ ಬಂದರೆ ಮೂವತ್ತಕ್ಕೂ ಬರುವುದಿಲ್ಲ. ಮೀನಿನ ಹೊಟ್ಟೆಯ ಗಾಳಿ ಚೀಲವೂ ಒಂದು ಕಡೆಗೆ ನೆರಳು ಹಾಕುತ್ತದೆ, ಕೊಳವೆಯ ತುದಿ ನೇರಕ್ಕೂ ಸದ್ದು ಕಡಿಮೆ. ಹಾಗಾಗಿ ಮೀನು ತಿರುಗಿದಂತೆಲ್ಲ ಸದ್ದು ಹೋಗಿ ಬಂದು ಮಾಡುತ್ತದೆ. ಗಾಬರಿ ಬೇಡ.

ಕೆರೆ, ಆಮೇಲೆ ನದಿ

ಮೊದಲು ತೋಟದ ಕೆರೆ. ಟ್ಯಾಗನ್ನು ಕಲ್ಲಿಗೆ ಕಟ್ಟಿ ಮುಳುಗಿಸಿ, ಒಂದು ವಾರ ಬಿಡಿ. ಕೆರೆಯ ಬದಿಯ ಪಂಪ್ ಓಡುವಾಗ, ನಿಂತಾಗ ಎರಡೂ ಹೊತ್ತು ಕೇಳಿ ಬರೆದಿಡಿ. ಕೆರೆಯ ಗೆಂಡೆಗಾದರೂ ಸರಿ, ಒಳಗೆ ಹಾಕುವುದನ್ನು ನೀವೇ ಬ್ಲೇಡ್ ಹಿಡಿದು ಮಾಡಬೇಡಿ. ಅದಕ್ಕೆ ಮದ್ದು ಕೊಟ್ಟು ಮಲಗಿಸಬೇಕು, ಲವಂಗದ ಎಣ್ಣೆಯನ್ನೂ ಬಳಸುತ್ತಾರೆ, ಹದ ತಪ್ಪಿದರೆ ಮೀನು ಏಳುವುದಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ಕಲಿತವರು ಮಾಡಲಿ.

ನದಿಗೆ ಹೋಗುವ ಕಾಲ ಬಂದರೆ ಕೂಡಿಗೆಯ ಪ್ರಶ್ನೆಗೆ ಮೂರು ರಿಸೀವರ್ ಸಾಕು. ಸಂಗಮದ ಕೆಳಗೆ ಒಂದು, ಹಾರಂಗಿಯೊಳಗೆ ಒಂದು, ಕಾವೇರಿಯಲ್ಲಿ ಸ್ವಲ್ಪ ಮೇಲೆ ಒಂದು. ಹರಿವಿನಲ್ಲಿ ಬೇಡ, ನೀರು ನಿಂತ ಹಾಗೆ ಕಾಣುವ ಮಡುವಿನಲ್ಲಿ ಇಡಿ. ಮೂರೂ ಒಂದೇ ಗಡಿಯಾರಕ್ಕೆ ಹೊಂದಿರಲಿ. ಕೆಳಗಿನದು ಕೇಳಿದ ಮೇಲೆ ಉಳಿದೆರಡರಲ್ಲಿ ಯಾವುದು ಮೊದಲು ಕೇಳಿತು ಅನ್ನುವುದೇ ಉತ್ತರ.

ಪ್ರತಿ ರಿಸೀವರಿನಿಂದ ಐವತ್ತು ಮೀಟರಿನಲ್ಲಿ ಕಲ್ಲಿಗೆ ಕಟ್ಟಿದ ಟ್ಯಾಗ್ ಒಂದೊಂದು ಇರಲಿ. ಇದನ್ನು ಬಿಟ್ಟವರು ಆಮೇಲೆ ಪರದಾಡುತ್ತಾರೆ. ಮೀನಿನ ಸದ್ದು ನಿಂತಿತು ಅಂದರೆ ಮೀನು ಹೋಯಿತು ಅಂತಲೇ ಅರ್ಥ ಅಲ್ಲ. ಮೇಲೆ ಭಾಗಮಂಡಲ ಕಡೆ ಮಳೆ ಬಿದ್ದು ಇಲ್ಲಿ ನೀರು ಕಲಕಿದ್ದರೂ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಕಲ್ಲಿನ ಟ್ಯಾಗ್ ಕೇಳುತ್ತಿದೆಯಾ ನೋಡಿ. ಅದು ಕೇಳುತ್ತಿದ್ದು ಮೀನು ಕೇಳದಿದ್ದರೆ ಮಾತ್ರ "ಮೀನು ಹೋಯಿತು" ಅಂತ ಪುಸ್ತಕದಲ್ಲಿ ಬರೆಯಿರಿ. ಎರಡೂ ಕೇಳದಿದ್ದರೆ ಆ ದಿನದ ಮುಂದೆ ಒಂದು ಗೆರೆ ಎಳೆದು ಬಿಡಿ. ಮತ್ತೆ ಟ್ಯಾಗಿನ ಮೈಮೇಲೆ, ಎಪಾಕ್ಸಿಯ ಒಳಗೆ ಕಾಣುವ ಹಾಗೆ, ಒಂದು ಫೋನ್ ನಂಬರ್ ಬರೆದ ಚೀಟಿ ಇಡಿ. ಗಾಳ ಹಾಕುವವರ ಕೈಗೆ ಸಿಕ್ಕಿದರೆ ಮೀನು ಸಾರಿಗೆ ಹೋದರೂ ಟ್ಯಾಗ್ ವಾಪಸ್ ಬಂದೀತು.